ಗೂಡಿನ ಟೆಂಪೊಗಳ ನಕ್ಷೆ

ಬೆಳಿಗ್ಗೆ ಆರಕ್ಕೆ ಜಿಪಿಎಸ್ ಡಬ್ಬಿಗಳ ಹಂಚಿಕೆ, ಏಳಕ್ಕೆ ವಾಹನಗಳ ಪ್ರಯಾಣ, ಸಂಜೆ ಐದಕ್ಕೆ ನಕ್ಷೆಯ ಸಲ್ಲಿಕೆ: ರಸ್ತೆ ಶುಲ್ಕದ ಸಮೀಕ್ಷೆಗೆ ಸೇರಿದ್ದ ಮಧುಕುಮಾರನ ದಿನಕ್ಕೆ ಈ ಕ್ರಮ ನಿಗದಿಯಾಗಿತ್ತು. ರಾಮನಗರದ ಪೇಟೆಗೆ ಬರುವ ವಾಹನಗಳಿಗೆ ಶುಲ್ಕ ವಿಧಿಸಿದರೆ ಅವು ಯಾವ ಬೀದಿಗೆ ನುಗ್ಗುತ್ತವೆ ಎಂಬುದನ್ನು ಅವನು ತೋರಿಸಬೇಕಿತ್ತು. ನಕ್ಷೆ ಒಪ್ಪಿಗೆಯಾದರೆ ತಾತ್ಕಾಲಿಕ ಕೆಲಸ ಖಾಯಂ. ಇಲ್ಲವಾದರೆ ಇದೇ ಕೊನೆಯ ದಿನ.

ದೊಡ್ಡಮಳೂರಿನ ತನ್ನ ಬೀದಿಯಲ್ಲಿ ರೇಷ್ಮೆಗೂಡು ತುಂಬಿ ನಿಂತಿದ್ದ ಟೆಂಪೊಗಳಿಗೆಲ್ಲ ಒಂದೊಂದು ಡಬ್ಬಿ ಕೊಟ್ಟ.

ಪಕ್ಕದ ಮನೆಯ ಟೆಂಪೊ ಮಾಲೀಕ ಮುನಿಶಾಮಯ್ಯ ಅದನ್ನು ಚೇಳಿನಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದ್ರಿಂದ ದುಡ್ಡು ಕಟ್ಟಾಗಕಿಲ್ವೇನ್ಲಾ ಮಧು?”

“ಇಲ್ಲ ಮಾವ. ಸುಂಕ ಐತೆ ಅಂದ್ಕೊಂಡು ಗಾಡಿ ಓಡ್ಸಿ. ಯಾವ ದಾರೀಲಿ ಹೋಯ್ತೀರಿ ಅಂತ ತೋರ್ಸುತ್ತೆ, ಅಷ್ಟೇಯ.”

“ಟೋಲ್‌ಗೆ ಗಾಜಿನ್ ಮ್ಯಾಲೆ ಚೀಟಿ ಅಂಟ್ಸಿದ್ನಲ್ಲಾ, ಅವ್ನೂ ಹಿಂಗೇ ನಯವಾಗ್ ಮಾತಾಡ್ದ. ಕೊಟ್ಗೇಲ್ ನಿಂತಿದ್ ಗಾಡಿಗೂ ಕಟ್ಟಾಯ್ತು!”

ಮಧು ತಿಂಡಿ ತಿಂದು ಬರುವಷ್ಟರಲ್ಲಿ ಟೆಂಪೊಗಳು ಹೊರಟಿದ್ದವು. ಅವನೂ ಸ್ಕೂಟರ್ ಏರಿದ.

ಮೊಬೈಲಿನ ನಕ್ಷೆಯಲ್ಲಿ ವಾಹನಗಳ ಗುರುತು ಅರ್ಧ ಗಂಟೆ ತಡವಾಗಿ ಮೂಡುತ್ತಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ನಿಂತು ನೋಡಿದರೆ ಗುರುತುಗಳೆಲ್ಲ ಚನ್ನಪಟ್ಟಣದ ಕಡೆ ಗುಂಪುಗೂಡಿದ್ದವು. ಅಲ್ಲಿಗೆ ಧಾವಿಸಿದರೆ ಒಂದು ಟೆಂಪೊವೂ ಇಲ್ಲ; ಗುರುತುಗಳು ಈಗ ಮಾರುಕಟ್ಟೆಯ ಮುಂದಿದ್ದವು. ತನ್ನ ಬಾಲ ಹಿಡಿಯಲು ಹೊರಟ ನಾಯಿಯಂತೆ ಮಧ್ಯಾಹ್ನದವರೆಗೆ ಸುತ್ತಿದ. ಖಾಯಂ ಕೆಲಸದ ಆಸೆ ಪೆಟ್ರೋಲಿನೊಂದಿಗೇ ಇಳಿಯುತ್ತಿತ್ತು.

“ಏನ್ ಸಾರ್, ಮೂರ್ ಸಲ ಬಂದ್ರಿ. ಯಾರಾದ್ರೂ ಓಡೋದ್ರಾ?” ಮಾರುಕಟ್ಟೆ ಎದುರಿನ ಟೀ ಅಂಗಡಿಯ ಸಾಬೀರ್ ಕೇಳಿದ.

“ನಮ್ಮೂರಿನ ಗೂಡಿನ ಟೆಂಪೊಗಳು.”

“ಎಲ್ಲಾ ಒಳ್ಗೇ ನಿಂತವಲ್ಲ!”

ಮಧು ಮೊಬೈಲ್ ನೋಡಿದ. “ನಕ್ಷೆ ಪ್ರಕಾರ ಇಲ್ಲಿಲ್ಲ,” ಎಂದು ಸ್ಕೂಟರ್ ತಿರುಗಿಸಿದ.

ಸಂಜೆ ಸೋತು ಮನೆ ಸೇರಿದಾಗ ಟೆಂಪೊಗಳು ಬೀದಿಯಲ್ಲೇ ಇದ್ದವು. ತುಸು ಹೊತ್ತಿನಲ್ಲಿ ಗುರುತುಗಳೂ ಅಲ್ಲಿಗೇ ಬಂದವು. ಸಮಾಧಾನದಿಂದ ನಕ್ಷೆಯನ್ನು ಕಳುಹಿಸಿದ.

ಮೇಲಧಿಕಾರಿ ಚೈತ್ರಾ ಬೆಂಗಳೂರಿನಿಂದ ಕರೆ ಮಾಡಿದರು. “ಇಷ್ಟು ಸ್ಪಷ್ಟವಾದ ನಕ್ಷೆ ಯಾರೂ ಕೊಟ್ಟಿರಲಿಲ್ಲ ಮಧುಕುಮಾರ್. ನಿಮ್ಮ ಕೆಲಸ ಖಾಯಂ.”

ಅಷ್ಟರಲ್ಲಿ ಮುನಿಶಾಮಯ್ಯ ಜಗಲಿ ಹತ್ತಿದರು. “ಲೇ ಮಧು, ನಿನ್ ಡಬ್ಬಿಗಳೆಲ್ಲಾ ಸ್ಕೂಟರ್ ಡಿಕ್ಕೀಲವೆ. ಬೆಳಿಗ್ಗೇನೇ ಮಡಗ್ಬುಟ್ವಿ. ಕಟ್ಟಾದ್ರೆ ನಿಂದೇ ಕಟ್ಟಾಗ್ಲಿ ಅಂತ.”

ಮಧು ಸ್ಕೂಟರಿನತ್ತ ನೋಡಿದ. “ಮೇಡಂ, ಆ ನಕ್ಷೆ…”

“ತಪ್ಪಿದೆಯೇ? ಹಾಗಿದ್ದರೆ ಈಗಲೇ ಹೇಳಿ, ಬೇರೆಯವರನ್ನು ನೋಡುತ್ತೇವೆ.”

“…ಇಲ್ಲ ಮೇಡಂ. ಸರಿಯಾಗಿದೆ.”

“ಒಳ್ಳೆಯದು. ವಾಹನಗಳೆಲ್ಲ ನಿಮ್ಮ ಬೀದಿಗೇ ಬರುವುದರಿಂದ ಶುಲ್ಕದ ಗೇಟನ್ನೂ ಅಲ್ಲಿಯೇ ಹಾಕುತ್ತೇವೆ. ಖಾಯಂ ಆಗಿ ವಸೂಲಿಗೆ ಕೂರುವವರು ನೀವೇ.”

ಫೋನಿನ ದನಿ ಜೋರಾಗಿತ್ತು. ಮುನಿಶಾಮಯ್ಯ ಮೆಲ್ಲಗೆ ಪಂಚೆ ಎತ್ತಿ ಕಟ್ಟಿದರು.

ಸಮೀಕ್ಷೆಯ ನಿಷ್ಕರ್ಷೆ: ರಸ್ತೆ ಶುಲ್ಕದ ಅತ್ಯಧಿಕ ಸ್ಥಳೀಯ ಪರಿಣಾಮವು ದೊಡ್ಡಮಳೂರಿನ ಒಂದೇ ಮನೆಯ ಮೇಲಾಗುತ್ತದೆ.