ಶರಣಪ್ಪನವರ ಎಡಗೈ

ನನ್ನದೊಂದು ದುರಭ್ಯಾಸವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರ ಮುಖವನ್ನೂ ಇದ್ದದ್ದು ಇದ್ದಂತೆ ಬಿಡುವುದು ನನ್ನಿಂದಾಗದು. ಸಿಂಧನೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟವನಿಗೆ ಇದು ಹೊಟ್ಟೆಪಾಡೂ ಹೌದು. ಹೆಣ್ಣಿನ ಕಡೆಯವರಿಗೆ ಕಳಿಸುವ ಫೋಟೊದಲ್ಲಿ ಮೊಡವೆ, ಮಚ್ಚೆ, ಗಾಯದ ಗುರುತು ಏನೂ ಇರಕೂಡದು. ಒಮ್ಮೆ ಸಾಲಗುಂದದ ವರನೊಬ್ಬನನ್ನು ಎಷ್ಟು ತಿದ್ದಿದ್ದೆನೆಂದರೆ, ನೋಡಲು ಬಂದ ಹೆಣ್ಣಿನವರು ಅವನ ಕೈಯಿಂದಲೇ ಚಹಾ ಇಸಿದುಕೊಂಡು, "ಹುಡುಗ ಎಲ್ಲಿ ಹೋಗ್ಯಾನ್ರೀ?" ಎಂದು ಕೇಳಿದ್ದರಂತೆ.

ಇಂಥ ನನ್ನ ಬಳಿಗೆ, ಈಗ ಲಿಂಗಸುಗೂರಿನಲ್ಲಿ ನೆಲೆಸಿರುವ ಶರಣಪ್ಪನವರು ಬಂದರು. ಮಸ್ಕಿಯಲ್ಲಿ ಹುಟ್ಟಿ, ಹೈದರಾಬಾದಿಗೆ ಹೋಗಿ, ನಲವತ್ತು ವರ್ಷ ರಾಕ್ ತಂಡದಲ್ಲಿ ಗಿಟಾರ್ ಬಾರಿಸಿದವರು. ಅಲ್ಲಿ ಜನ ಎದ್ದು ಕುಣಿಯುತ್ತಿದ್ದರಂತೆ. ಇಲ್ಲಿ ಊರಿನಲ್ಲಿ ಅವರ ತಾಯಿ ಮಾತ್ರ ಕೊನೆಯವರೆಗೂ, "ಮಗ ಭಜನಿಗೆ ಹೋಗ್ಯಾನ" ಎಂದೇ ಹೇಳುತ್ತಿದ್ದರಂತೆ. ಈಗ ಅವರ ಕೊನೆಯ ಕಾರ್ಯಕ್ರಮ ಹತ್ತಿರ ಬಂದಿತ್ತು. ವೇದಿಕೆಯ ಹಿಂದೆ ಆಳೆತ್ತರದ ಫೋಟೊ ತೂಗುಹಾಕುವವರಿದ್ದರು. ಬಿಳಿ ಜುಟ್ಟು, ಹಣೆಗೆ ವಿಭೂತಿ, ತೊಡೆಯ ಮೇಲೆ ಗಿಟಾರು. ಎಡಗೈಯ ಬೆರಳುಗಳನ್ನು ಕ್ಯಾಮರಾದ ಕಡೆ ತಿರುಗಿಸಿ ಕೂತು, "ನಾ ಏನ್ ಮಾಡೀನಿ ಅನ್ನೂದು ಮಂದಿಗೆ ಕಾಣಬೇಕಪಾ" ಎಂದರು. ನಾನು ಧಾರಾಳವಾಗಿ ತೆಗೆದು, ಇನ್ನೂ ಧಾರಾಳವಾಗಿ ತಿದ್ದಿ, ತಿದ್ದದ ಪ್ರತಿಯನ್ನು ನಮ್ಮ ಅಂಗಡಿಯ ಪದ್ಧತಿಯಂತೆ ಅಳಿಸಿಹಾಕಿದೆ.

ಮೂರನೆಯ ದಿನ ಬಂದು ನೋಡಿದರು. ಮುಖದ ಸುಕ್ಕು ಮಾಯವಾದದ್ದಕ್ಕೆ ಏನೂ ಅನ್ನಲಿಲ್ಲ. ಚಿತ್ರದ ಎಡಗೈಯನ್ನು ತೋರಿಸಿದರು. ತಂತಿ ಒತ್ತಿ ಒತ್ತಿ ಬೆರಳ ತುದಿಯಲ್ಲಿ ಕಟ್ಟಿದ್ದ ಜಡ್ಡನ್ನು ನಾನು ಕೊಳೆಯೆಂದು ತಿಳಿದು ಒರೆಸಿಬಿಟ್ಟಿದ್ದೆ. ಈಗ ಅವು ಎಳೆಗೂಸಿನ ಬೆರಳುಗಳಾಗಿದ್ದವು.

"ನಲವತ್ತು ವರ್ಷದಾಗ ನನ್ನ ಹಂತ್ಯಾಕ ಉಳದಿದ್ದು ಇಷ್ಟ ಇತ್ತು. ಅದನ್ನೂ ತಗದುಬಿಟ್ಟಿ ಏನಪಾ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನೆಲ ನೋಡುವಷ್ಟು ನಾಚಿಕೆಯಾಯಿತು.

"ಇನ್ನೊಮ್ಮೆ ಕುಂದರ್ರಿ" ಎಂದು ಬೇಡಿಕೊಂಡು ಮತ್ತೆ ತೆಗೆದೆ. ತಿದ್ದಲು ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಸುಕ್ಕಿದ್ದಲ್ಲಿ ಸುಕ್ಕು, ಜಡ್ಡಿದ್ದಲ್ಲಿ ಜಡ್ಡು. ಅವರು ಕಂಪ್ಯೂಟರಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿ, "ಈಗ ನಾ ಅದೀನಿ ನೋಡು" ಎಂದರು. ನನ್ನ ಎದೆಯ ಭಾರ ಇಳಿಯಿತು. ಇದ್ದಂತೆ ತೋರಿಸುವುದರಲ್ಲೂ ಒಂದು ಚೆಂದವಿದೆ ಎಂದು ಅವರಿಗೇ ಉಪದೇಶ ಮಾಡುವಷ್ಟು ಧೈರ್ಯವೂ ಬಂತು.

ಅವರು ತಲೆಯಾಡಿಸುತ್ತ ಹೊರಟವರು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆ ನೋಡಿ ನಿಂತರು. ಅಲ್ಲೊಂದು ಕಟ್ಟು ಹಾಕಿಸಿದ ಫೋಟೊ ಇತ್ತು.

"ಹುಡುಗ ಚಂದ ಅದಾನ. ನಿನ್ನ ಮಗ ಏನು?"

ಅದು ಹೋದ ದಸರೆಗೆ ನಾನೇ ತೆಗೆದುಕೊಂಡ ನನ್ನ ಫೋಟೊ.

"ಹೌದ್ರೀ" ಎಂದೆ.