ಶಿನ್ ಎಂಬ ಶಬ್ದ ನನಗೆ ಕಲಿಸಿದವರು

ಕೆಲವರಿಗೆ ಶನಿ ಬೆನ್ನು ಹತ್ತುತ್ತಾನೆ, ನನಗೆ ಹತ್ತಿದ್ದು ಇಂಗ್ಲಿಷಿನ ಒಂದು ಕ್ರಿಯಾಪದ. ಇಂಗ್ಲಿಷ್ ಕಲಿಸುವ ಅಕ್ಕೋರಾಗಿ ಯಾವ ಊರಿಗೆ ವರ್ಗವಾದರೂ ಅದು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಗೋಕಾಕ

ಪಾಠದಲ್ಲಿ ಹುಡುಗನೊಬ್ಬ ಹಡಗಿನ ಕಂಬವನ್ನು ‘ಶಿನ್’ ಮಾಡುತ್ತಾನೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, “ಶಿನ್ ಅಂದ್ರ ಹತ್ತೂದು, ಅಷ್ಟ” ಎಂದುಬಿಟ್ಟೆ. ಅದನ್ನು ಬಳಸಿ ವಾಕ್ಯ ಬರೆಯಿರಿ ಎಂದಾಗ ಹುಡುಗಿಯೊಬ್ಬಳು ‘ನಮ್ಮಜ್ಜಿ ದಿನಾ ಧುಪದಾಳ ಬಸ್ಸು ಶಿನ್ ಮಾಡುತ್ತಾಳೆ’ ಎಂದು ಇಂಗ್ಲಿಷಿನಲ್ಲಿ ಬರೆದಳು. ಪೂರ್ತಿ ಅಂಕ ಕೊಟ್ಟೆ.

ಅವಳ ಅಕ್ಕ ಕಾಲೇಜು ಓದುವವಳು. ಶಿನ್ ಎಂದರೆ ಕೈಕಾಲಿನಿಂದ ಕಂಬ ತಬ್ಬಿ ಏರುವುದು ಎಂದು ಮನೆಯಲ್ಲಿ ಹೇಳಿಬಿಟ್ಟಳು. ಮರುದಿನವೇ ಅಜ್ಜಿ ಶಾಲೆಗೆ ಬಂದರು. “ಅಕ್ಕಾರ, ನಾ ಬಸ್ಸು ಬಾಗಲದಾಗಿಂದನ ಹತ್ತತೇನ್ರಿ.”

ಮೂಡಲಗಿ

ಅಷ್ಟೊತ್ತಿಗೆ ನಿಘಂಟು ಕೊಂಡಿದ್ದೆ. ಶಿನ್ ಎಂದರೆ ಮೊಣಕಾಲ ಕೆಳಗಿನ ಮುಂದಿನ ಎಲುಬು. ಆ ಎಲುಬನ್ನು ಕಂಬಕ್ಕೆ ಒತ್ತಿ ಏರುವುದಕ್ಕೆ ಹಡಗಿನವರು ಅದೇ ಹೆಸರಿಟ್ಟರು. ಈ ಸಲ ತಪ್ಪಬಾರದೆಂದು, ಏರಿ ತೋರಿಸಲು ದೈಹಿಕ ಶಿಕ್ಷಕರನ್ನು ಕರೆದೆ. ಅವರು ಮಲ್ಲಕಂಬದ ಪಟು. ಶಾಲೆಯಂಗಳದ ಕಂಬ ಮುಟ್ಟಿದ್ದೇ ತಡ, ತಲೆ ಕೆಳಗೆ ಕಾಲು ಮೇಲೆ.

“ಸರ್, ಸರಳ ಏರ್ರಿ.”

“ಹಂಗ ಏರಿದ್ರ ನಮ್ಮ ಉಸ್ತಾದ್ರ ಹೆಸರು ಕೆಡತೈತ್ರಿ ಅಕ್ಕಾರ.”

ಮಕ್ಕಳ ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. “ಹಂಗಾರ ಶಿನ್ ಅಂದ್ರ ತಲಿ ಏನ್ರಿ?”

ಹುಕ್ಕೇರಿ

ಇಲ್ಲಿ ಧ್ವಜಾರೋಹಣದ ಹೊಣೆ ನನ್ನದು. ಅಂದು ಬೆಳಿಗ್ಗೆ ಹಗ್ಗ ಗಟ್ಟಿ ಇದೆಯೇ ಎಂದು ಎಳೆದೆ. ಇಡೀ ಹಗ್ಗ ಕಂಬದ ತುದಿಯ ಗಾಲಿಯಿಂದ ಜಾರಿ ನನ್ನ ತಲೆಯ ಮೇಲೆ ಬಿತ್ತು. ಅತಿಥಿಗಳು ಬರಲು ಅರ್ಧ ಗಂಟೆ. ಏಣಿ ಕಂಬದ ಅರ್ಧಕ್ಕೂ ಮುಟ್ಟಲಿಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು.

ಬಿಸಿಯೂಟದ ಅಡುಗೆಯಾಕೆ ಒಲೆ ಆರಿಸಿ ಬಂದರು. ಕುರಿ ಮೇಯಿಸುವ ಮನೆತನದವರು, ಕುರಿಗೆ ಸೊಪ್ಪು-ತಪ್ಪಲು ಕಡಿಯಲು ಮರ ಏರಿ ಬೆಳೆದವರು. ಕಚ್ಚೆ ಬಿಗಿದು, ಹಗ್ಗದ ತುದಿ ಹಲ್ಲಲ್ಲಿ ಕಚ್ಚಿ, ಕಂಬ ತಬ್ಬಿ ಸರಸರನೆ ಏರಿ ಗಾಲಿಗೆ ಹಗ್ಗ ಪೋಣಿಸಿಯೇ ಬಿಟ್ಟರು. ಹೊತ್ತಿಗೆ ಸರಿಯಾಗಿ ಧ್ವಜ ಹಾರಿತು. ನನ್ನ ಮಾನ ಉಳಿಸಿದ ಆ ತಾಯಿಯ ಋಣ ನಾನು ತೀರಿಸಲಾರೆ.

ಆಮೇಲೆ ಅಡುಗೆಮನೆಗೆ ಹೋಗಿ, ಅವರ ತರಚಿದ ಕಾಲಿಗೆ ನಾನೇ ಕೊಬ್ಬರಿ ಎಣ್ಣೆ ಹಚ್ಚಿದೆ. ಹಚ್ಚುತ್ತಲೇ ಶಿನ್ ಪುರಾಣ ಪೂರ್ತಿ ಹೇಳಿದೆ. ಅವರು ಮನಸಿಟ್ಟು ಕೇಳಿದರು.

“ಏರೂದಕ್ಕ ಶಿನ್. ಮತ್ತ ಇಳಿಯೂದಕ್ಕ ಏನಂತಾರ್ರಿ?”

ಕೈ ಒರೆಸಿಕೊಂಡು ಚೀಲದಿಂದ ನಿಘಂಟು ತೆಗೆದು ನೋಡಿದೆ. “ಅದಕ್ಕೂ ಶಿನ್ನ ಅಂತಾರವ್ವಾ.”

“ಅನ್ನಾಕ ಬೇಕಲ್ರಿ,” ಎಂದು ಇನ್ನೊಂದು ಕಾಲು ಚಾಚಿದರು. “ಏರೂಮುಂದ ಸುಲದಿದ್ದು ಆ ಕಾಲು, ಇಳಿಯೂಮುಂದ ಇದು.”