ಸದಸ್ಯರ ಪಟ್ಟಿಯಲ್ಲಿ ಗಂಟೆಯಣ್ಣ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಗಂಟೆಯಣ್ಣ ಒಂದು ಬೀಗ ತೆಗೆದ. ಅದನ್ನು ತೆಗೆಯದೆ ಇದ್ದಿದ್ದರೆ ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ.

ಬೀಗ ರಿಪೇರಿ ಅವನ ಕಸುಬು. ಇಪ್ಪತ್ತೆರಡು ವರ್ಷದಿಂದ ಮೆಥೋಡಿಸ್ಟ್ ಚರ್ಚಿನ ಗಂಟೆ ಹೊಡೆಯುವವನೂ ಅವನೇ ಆದ್ದರಿಂದ ಆ ಹೆಸರು ಬಂದಿತ್ತು. ಆ ಸಭೆಯಲ್ಲಿ ಪಾಸ್ಟರುಗಳಿಗೆ ವರ್ಗವಾಗುತ್ತಲೇ ಇರುತ್ತದೆ. ಹಿಂದಿನವರು ಹೋಗುವಾಗ ಅಡುಗೆಮನೆ ಸಾಮಾನಿನ ಜೊತೆ ಚರ್ಚಿನ ಕಬ್ಬಿಣದ ಪೆಟ್ಟಿಗೆಯ ಕೀಲಿಯನ್ನೂ ಕಟ್ಟಿಕೊಂಡು ಹೋಗಿದ್ದರು. ಹೊಸ ಪಾಸ್ಟರು ಶಿಸ್ತಿನ ಮನುಷ್ಯ. ಅಂದು ಒಡಂಬಡಿಕೆಯ ಆರಾಧನೆ. ಸದಸ್ಯರ ಹೆಸರನ್ನು ಒಬ್ಬೊಬ್ಬರದಾಗಿ ಓದುತ್ತೇನೆ, ಕರೆಸಿಕೊಂಡವರು ಎದ್ದು "ಇದ್ದೇನೆ" ಅನ್ನಬೇಕು ಎಂದು ಅವರು ಹಿಂದಿನ ವಾರವೇ ಹೇಳಿದ್ದರು. ಉತ್ತರ ಕೊಡದವರು 'ಅಲೆದುಹೋದವರ ಪಟ್ಟಿ'ಗೆ. ಒಂದು ವರ್ಷ, ಪ್ರತಿ ಭಾನುವಾರ, ಅಂಥವರ ಹೆಸರು ಹೇಳಿ ಸಭೆಯೆಲ್ಲ ಪ್ರಾರ್ಥಿಸುತ್ತದೆ.

ಪೆಟ್ಟಿಗೆಯೊಳಗೆ ಸದಸ್ಯರ ರಿಜಿಸ್ಟರು ಇತ್ತು. ಪಾಸ್ಟರು ಇನ್ನೂ ಮನೆಯಲ್ಲಿ ಗಡ್ಡ ಹೆರೆಯುತ್ತಿದ್ದರು. ಸುಮ್ಮನೆ ತನ್ನ ಹೆಸರು ನೋಡೋಣವೆಂದು ಗಂಟೆಯಣ್ಣ ಪುಟ ತಿರುವಿದ. ಹೆಂಡತಿಯ ಹೆಸರಿತ್ತು. ಮಾವನ ಹೆಸರಿತ್ತು. ತೀರಿಕೊಂಡವರ ಹೆಸರಿನ ಪಕ್ಕ ಪುಟ್ಟ ಶಿಲುಬೆ ಇತ್ತು. ಇವನ ಹೆಸರು ಬದುಕಿದವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ.

ಆಗ ಎಲ್ಲ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ, ಹೊಸ ಸದಸ್ಯರನ್ನು ಸೇರಿಸಿಕೊಂಡ ಭಾನುವಾರ ಇವನಿಗೆ ಮಂಗನಬಾವು ಬಂದು ಮುಖ ಕುಂಬಳಕಾಯಿಯಾಗಿತ್ತು. "ನೀನು ಇಳಿದ ಮೇಲೆ ನೋಡೋಣ" ಎಂದಿದ್ದರು ಆಗಿನ ಪಾಸ್ಟರು. ಬಾವು ಇಳಿಯುವ ಮೊದಲೇ ಬಿಷಪ್ಪರು ಅವರನ್ನು ವರ್ಗ ಮಾಡಿದರು. ಅದಾದ ತಿಂಗಳಲ್ಲೇ ಇವನ ಮದುವೆಯೂ ಆಯಿತು. "ಸಭೆಯ ಮೆಂಬರಿಗಲ್ಲದೆ ಬೇರೆಯವರಿಗೆ ಮಗಳನ್ನು ಕೊಡೋದಿಲ್ಲ" ಎಂದು ಪಟ್ಟು ಹಿಡಿದ ಮಾವ ಇವನನ್ನು ಆರಿಸಿದ್ದರು. ಆ ಮಾವ ಈಗ ಸಭೆಯ ಲೆಕ್ಕಪತ್ರ, ಆಡಳಿತ ನೋಡುವ ಸ್ಟುವರ್ಡ್. ಮುಂದಿನ ಬೆಂಚು ಅವರದೇ.

ಮೇಜಿನ ಮೇಲೆ ಪೆನ್ನಿತ್ತು. ಕೊನೆಯ ಹೆಸರಿನ ಕೆಳಗೆ ಜಾಗವೂ ಇತ್ತು. ಗಂಟೆಯಣ್ಣ ಪೆನ್ನಿನ ಮುಚ್ಚಳ ತೆಗೆದ.

"ಏನ್ ಬರೀತಿದ್ದೀಯ?" ಹಿಂದಿನಿಂದ ಮಾವನ ದನಿ.

"ಏನಿಲ್ಲ ಮಾವ. ಪೆನ್ನು ಬರೆಯುತ್ತೋ ಇಲ್ವೋ ನೋಡ್ತಿದ್ದೆ."

"ರಿಜಿಸ್ಟರಿನ ಮೇಲಾ?"

"ಅಂಗೈ ಮೇಲೆ" ಎಂದು ಅಂಗೈಗೆ ಗೀರು ಎಳೆದು ತೋರಿಸಿದ. "ಮಾವ, ಒಂದು ಮಾತು. ಅಕಸ್ಮಾತ್ ಯಾರದೋ ಹೆಸರು ಬಿಟ್ಟುಹೋಗಿದ್ರೆ?"

"ಯಾರದು?"

"ಯಾರದೂ ಅಲ್ಲ. ಮಾತಿಗೆ ಕೇಳಿದೆ."

"ಕ್ಲಾಸ್ ಲೀಡರ್ ಶಿಫಾರಸು ಮಾಡ್ಬೇಕು, ಕಮಿಟಿ ಕೂತು ಕೈ ಎತ್ಬೇಕು. ಮಾತಿಗೆ ಕೇಳಿದವನು ಯಾಕೆ ಬೆವರ್ತಿದ್ದೀಯ?"

ಸೆಕೆ ಎಂದು ಹೇಳಿ ಗಂಟೆಯಣ್ಣ ಅಲ್ಲಿಂದ ಕಾಲು ಕಿತ್ತ. ಕಿಟಕಿಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು.

ಅವನ ಕ್ಲಾಸ್ ಲೀಡರು ನರ್ಸಮ್ಮ. ಬೀದಿಯ ಹನ್ನೆರಡು ಮನೆಗಳ ಆತ್ಮಗಳನ್ನು ವಿಚಾರಿಸಿಕೊಳ್ಳುವ ಹೊಣೆ ಸಭೆ ಅವರಿಗೆ ಕೊಟ್ಟಿತ್ತು. ಪ್ರತಿ ಬುಧವಾರ ಬಂದು, ರೋಗಿಯ ಜ್ವರ ನೋಡುವವರಂತೆ, ಈ ವಾರ ಪ್ರಾರ್ಥನೆ ಎಷ್ಟು, ಕೋಪ ಎಷ್ಟು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ಗಂಟೆಯಣ್ಣ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟ.

ನರ್ಸಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ನೀನು ಮೆಂಬರೇ ಅಲ್ಲ ಅಂತಾದ್ರೆ ಇಪ್ಪತ್ತೆರಡು ವರ್ಷ ನಾನು ವಿಚಾರಿಸ್ಕೊಂಡಿದ್ದು ಯಾರ ಆತ್ಮನ?"

"ನಂದೇ ನರ್ಸಮ್ಮ. ಈಗ ಶಿಫಾರಸು ಒಂದು..."

"ಸಾವಿರ ಬುಧವಾರಪ್ಪ. ಮಂಡಿನೋವಿದ್ರೂ ಮೆಟ್ಟಿಲು ಹತ್ತಿದ್ದೀನಿ. ಒಂದು ದಿನ ಬಾಯಿಬಿಡಬಾರದಾಗಿತ್ತಾ?"

"ನನಗೇ ಗೊತ್ತಿರ್ಲಿಲ್ಲ."

ಅವರು ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ಬೀಗದವನಿಗೆ ಚೆನ್ನಾಗಿಯೇ ಅರ್ಥವಾಯಿತು.

ಮನೆಯಲ್ಲಿ ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ರೀ, ಹೆಸರು ಕರೆದಾಗ ಸ್ವಲ್ಪ ಗಟ್ಟಿಯಾಗಿ ಹೇಳಿ. ಮದುವೇಲಿ ಒಪ್ಪಿದ್ದೀಯಾ ಅಂತ ಕೇಳಿದಾಗ ನೀವು ಗೊಣಗಿದ್ದು ಇವತ್ತಿಗೂ ಯಾರಿಗೂ ಕೇಳಿಸಿಲ್ಲ."

ಹೇಳಿಬಿಡಲೇ ಎಂದು ಬಾಯಿ ತೆರೆದ. ಅವಳು ಅಂಗಿ ಕೊಡವಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವನು ಸುಮ್ಮನೆ ತೋಳು ತೂರಿಸಿದ.

ಎಂಟೂವರೆಗೆ ಚರ್ಚಿಗೆ ಬಂದರೆ ಪಾಸ್ಟರ ಕೋಣೆಯ ಬಾಗಿಲು ಮುಚ್ಚಿತ್ತು. ಕಿಟಕಿಯ ಗಾಜಿನಾಚೆ ಪಾಸ್ಟರು, ನರ್ಸಮ್ಮ, ಮಾವ, ಇನ್ನಿಬ್ಬರು ಹಿರಿಯರು. ನರ್ಸಮ್ಮ ನೋಟ್‌ಬುಕ್ ತೆರೆದು ಏನೋ ಓದುತ್ತಿದ್ದರು. ಮಾವನ ಮುಖ ಕೆಂಪಾಗಿತ್ತು, ಬೆರಳು ಗಾಳಿಯಲ್ಲಿ ಕುಣಿಯುತ್ತಿತ್ತು. ಮುಗಿಯಿತು ಕತೆ ಎಂದುಕೊಂಡ ಗಂಟೆಯಣ್ಣ. ಎಣಿಕೆ ತಪ್ಪಿ, ಒಂಬತ್ತು ಗಂಟೆಗೆ ಹನ್ನೊಂದು ಬಾರಿಸಿದ.

ಜನ ಒಳಗೆ ಹೋಗುತ್ತಿದ್ದಂತೆ ಮಾವ ಹತ್ತಿರ ಬಂದರು. "ಸರ್ವಿಸ್ ಮುಗಿದ್ಮೇಲೆ ನಿನ್ನ ಹತ್ರ ಮಾತಾಡೋದಿದೆ" ಎಂದಷ್ಟೇ ಹೇಳಿ ಮುಂದಿನ ಬೆಂಚಿಗೆ ಹೋದರು.

ಉಳಿದಿದ್ದ ಧೈರ್ಯವೂ ಉಡುಗಿತು. "ಗಂಟೆ ನಾಲಿಗೆಯ ನಟ್ಟು ಸಡಿಲವಾಗಿದೆ, ಬಿಗಿ ಮಾಡಿ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಗೋಪುರದ ಏಣಿ ಹತ್ತಿದ. ಮೇಲಿನ ಹಲಗೆ ಬಾಗಿಲು ಎಳೆದುಕೊಂಡು ಅದರ ಮೇಲೆಯೇ ಕೂತ.

ಕೆಳಗೆ ಹಾಡು ನಿಂತಿತು. ಪಾಸ್ಟರ ದನಿ, ಒಂದು ಉತ್ತರ, ಮತ್ತೆ ದನಿ, ಮತ್ತೊಂದು ಉತ್ತರ. ಮಾತು ತಿಳಿಯುತ್ತಿರಲಿಲ್ಲ, ಗುಯ್‌ಗುಟ್ಟುವಿಕೆ ಮಾತ್ರ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹದಿನೇಳು ದಿನ ಸರದಿ ಹಾಕಿಕೊಂಡು ಪಕ್ಕದಲ್ಲಿ ಕೂತವರು ಕೆಳಗಿರುವ ಇವರೇ. ಬೆಂಚಿನ ಜಾಗಕ್ಕಾಗಿ ಅವನ ಜೊತೆ ಜಗಳವಾಡಿ ಮಾತು ಬಿಟ್ಟವರೂ ಇವರೇ, ಅಮ್ಮನ ಶವಪೆಟ್ಟಿಗೆಗೆ ಹೆಗಲು ಕೊಡಲು ಮೊದಲು ಬಂದವರೂ ಇವರೇ. ದಿನಕ್ಕೆ ಹತ್ತು ಸಲ 'ನಮ್ಮ ಚರ್ಚು' ಅಂದಿದ್ದೆನಲ್ಲ, ಯಾವ ಬಾಯಲ್ಲಿ ಅಂದೆ ಎಂದು ಅವನಿಗೆ ಅಳು ಬಂತು. ತೋಳಿನಿಂದ ಕಣ್ಣೊರೆಸಿಕೊಂಡ.

ಕೊನೆಗೆ ಪಾಸ್ಟರ ದನಿ ಮಾತ್ರ ಮೂರು ಸಲ ಬಂತು, ಉತ್ತರ ಬರಲಿಲ್ಲ. ಆಮೇಲೆ ಗುಸುಗುಸು, ಆಮೇಲೆ ಕೊನೆಯ ಹಾಡು. ಜನ ಹೊರಬಿದ್ದ ಮೇಲೆ ಗಂಟೆಯಣ್ಣ ಇಳಿದ. ಮಾವ ಅವನ ರಟ್ಟೆ ಹಿಡಿದು ಪಾಸ್ಟರ ಕೋಣೆಗೆ ಎಳೆದೊಯ್ದರು. ನರ್ಸಮ್ಮ ಆಗಲೇ ಅಲ್ಲಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಮೇಲೆ. ನಟ್ಟು..."

"ನರ್ಸಮ್ಮ ಬಂದು ಹೇಳಿದ ಕೂಡ್ಲೇ ಎಂಟೂವರೆಗೆ ಕಮಿಟಿ ಕೂರಿಸಿದೆ. ನರ್ಸಮ್ಮ ಇಪ್ಪತ್ತೆರಡು ವರ್ಷದ ನೋಟ್‌ಬುಕ್ ಓದಿ ಶಿಫಾರಸು ಮಾಡಿದ್ರು. ಒಬ್ಬ ಹಿರಿಯ ರೂಲು ಅಂತ ರಾಗ ಎಳೆದ. ಗಂಟೆ ನೀನು ಹೊಡೀತೀಯಾ ಅಂತ ಅವನಿಗೆ ಬೆರಳು ತೋರಿಸಿ ಬೈದು ಕೈ ಎತ್ತಿಸಿದೆ. ಕೊಟ್ಟ ಮಗಳನ್ನ ವಾಪಸ್ ತಗೊಳ್ಳೋ ವಯಸ್ಸಾ ನಂದು? ಎಲ್ಲರ ಜೊತೆ ಎದ್ದು ಇದ್ದೇನೆ ಅಂದಿದ್ರೆ ಯಾವ ನರಪಿಳ್ಳೆಗೂ ಗೊತ್ತಾಗ್ತಿರ್ಲಿಲ್ಲ."

"ಕೊನೇಲಿ ನಿಮ್ಮ ಹೆಸರು ಮೂರು ಸಲ ಕರೆದೆ" ಎಂದರು ಪಾಸ್ಟರು. ಅವರಿಗೂ ಸಂಕಟವಾಗಿತ್ತು. "ಹಾಸಿಗೆ ಹಿಡಿದ ಅಜ್ಜಿಯನ್ನೂ ಕುರ್ಚಿಯಲ್ಲಿ ಹೊತ್ಕೊಂಡು ಬಂದಿದ್ರು. ಇಡೀ ಸಭೇಲಿ ಉತ್ತರ ಕೊಡದವರು ನೀವೊಬ್ಬರೇ."

"ಅಂದ್ರೆ ನಾನು..."

"ಎಂಟು ಮುಕ್ಕಾಲಿಗೆ ಸೇರಿದಿರಿ, ಹತ್ತು ಗಂಟೆಗೆ ಅಲೆದುಹೋದಿರಿ. ಎಲ್ಲರ ಮುಂದೆ ಬರೆದಾಗಿದೆ. ನಿಯಮ ಹೇಳಿದವನು ನಾನೇ, ನಾನೇ ಮುರಿಯೋಕಾಗಲ್ಲ. ಸಭೆಗೆ ನಿಜ ಸಂಗತಿ ತಿಳಿಸೋದಾದ್ರೆ ಬೇರೆ ಮಾತು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹೆಂಡತಿ ಬಂದಳು. ಅತ್ತು ಅವಳ ಕಣ್ಣು ಊದಿತ್ತು. "ಮರ್ಯಾದೆ ಎಲ್ಲ ಮಣ್ಣುಪಾಲಾಯ್ತು. ಇಷ್ಟು ವರ್ಷದ ಮೆಂಬರು ನೀವು, ಇದ್ದೇನೆ ಅನ್ನೋಕೆ ಏನ್ರೀ ಕಷ್ಟ ಆಗಿತ್ತು?"

ಗಂಟೆಯಣ್ಣ ಮಾವನ ಮುಖ ನೋಡಿದ. ಮಾವ ಕಿಟಕಿಯ ಆಚೆ ನೋಡುತ್ತಿದ್ದರು. ಪಾಸ್ಟರು ರಿಜಿಸ್ಟರು ಮುಚ್ಚಿದರು.

"ಕೇಳಿಸಲಿಲ್ಲ ಕಣೇ" ಎಂದ ಗಂಟೆಯಣ್ಣ.

ನರ್ಸಮ್ಮ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಕನ್ನಡಕ ಏರಿಸಿಕೊಂಡು ಅವನ ಪಕ್ಕ ಕೂತರು. "ಅಲೆದುಹೋದವರನ್ನ ದಿನಾ ವಿಚಾರಿಸ್ಬೇಕು ಅಂತಿದೆ. ನಾಳೆ ಆರು ಗಂಟೆಗೇ ಬರ್ತೀನಿ. ಈಗ ಹೇಳು, ಸಭೆ ಬಿಟ್ಟು ದೂರ ಹೋಗೋ ಮನಸ್ಸು ನಿನಗೆ ಯಾವಾಗಿಂದ ಬಂತು?"